ಕುಡಿತ ಬಿಡಿಸಲು ಎಲ್ಲಿಗೆ: ಮಂಗಳವಾರದ ಕ್ಲಿನಿಕ್ಕೋ, ನಿಮ್ಹಾನ್ಸೋ, ಎಎ ಸಭೆಯೋ?

ಬೆಳಿಗ್ಗೆ ಕಾಫಿ ಲೋಟ ಹಿಡಿದ ಕೈ ನಡುಗಿ, ಒಂದು ತೊಂಬತ್ತು ಹಾಕಿದ ಮೇಲೆ ನಿಲ್ಲುತ್ತದೆಯೇ? ಹಾಗಿದ್ದರೆ ಹಟಕ್ಕೆ ಬಿದ್ದು ಒಮ್ಮೆಲೇ ಬಿಡಿಸಬೇಡಿ. ಕೊನೆಯ ಗುಟುಕಿನಿಂದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಇಲ್ಲದ್ದೆಲ್ಲ ಕಂಡು ಬಡಬಡಿಸುವುದೂ ಉಂಟು. ಹಿಂದೆ ಹೀಗಾಗಿದ್ದವರು, ಕಾಮಾಲೆಯಿರುವವರು, ಹೊಟ್ಟೆಯಲ್ಲಿ ನೀರು ತುಂಬಿದವರು ಅಡ್ಮಿಟ್ ಆಗಲೇಬೇಕು. ಉಳಿದವರಲ್ಲಿ ಹೆಚ್ಚಿನವರು ವೈದ್ಯರಿಗೆ ತೋರಿಸಿಕೊಂಡು, ಮನೆಯಿಂದಲೇ ಓಡಾಡಿ ಬಿಡಬಹುದು.

ಅಂಥ ಬಹುತೇಕರಿಗೆ ನಮ್ಮ ಓಟು ತಾಲ್ಲೂಕು ಆಸ್ಪತ್ರೆಗೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ಆ ವಾರ ಬರುತ್ತಾರೋ ಇಲ್ಲವೋ ಎಂದು ಚೀಟಿ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯದು ಎಷ್ಟು ಗಂಟೆಗೆ ಎಂಬುದನ್ನು ಹೆಂಡತಿಯೋ ಅಣ್ಣನೋ ಹೇಳಿದರೆ ಡೋಸ್ ಸರಿಯಾಗುತ್ತದೆ. ಕುಡಿಯುವವರು ಅರ್ಧ ಮಾತ್ರ ಹೇಳುತ್ತಾರೆ. ನಡುಕಕ್ಕೆ ಸಾಮಾನ್ಯವಾಗಿ ಕ್ಲೋರ್ಡಯಾಜೆಪಾಕ್ಸೈಡ್ ಕೊಟ್ಟು ವಾರ-ಹತ್ತು ದಿನದಲ್ಲಿ ಇಳಿಸುತ್ತ ನಿಲ್ಲಿಸುತ್ತಾರೆ, ಜೊತೆಗೆ ಥಯಾಮಿನ್ (ಬಿ1 ವಿಟಮಿನ್). ಮಾತ್ರೆಯ ಪಟ್ಟಿ ಮನೆಯವರ ಕೈಯಲ್ಲಿರಲಿ. ಇದರ ಮೇಲೆ ಕುಡಿದರೆ ಉಸಿರೇ ಕುಂದಬಹುದು. ಈ ಕ್ಲಿನಿಕ್ಕಿನ ದೊಡ್ಡ ಕೊರತೆಯೆಂದರೆ ಬುಧವಾರ ರಾತ್ರಿ ಫಿಟ್ಸ್ ಬಂದರೆ ಮನೋವೈದ್ಯರು ಸಿಗುವುದಿಲ್ಲ. ಆಗ ಯಾವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಬೇಕು ಎಂಬುದನ್ನು ಮಂಗಳವಾರವೇ ಚೀಟಿಯ ಮೇಲೆ ಬರೆಸಿಕೊಳ್ಳಿ.

ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಕುಡಿತದ ಜೊತೆ ಗಾಂಜಾ, ನಿದ್ದೆ ಮಾತ್ರೆ, ಸಂಶಯ ರೋಗ ಎಲ್ಲ ಗೋಜಲಾಗಿದ್ದರೆ ಅಲ್ಲಿಗೇ ಹೋಗಿ. ಆದರೆ ರಾಯಚೂರಿನಿಂದ ನಾಲ್ಕನೇ ಸಲ ಯಾರು ಬಂದಾರು? ಬಸ್ ಚಾರ್ಜು, ಎರಡು ದಿನದ ಕೂಲಿ, ಜೊತೆಗೆ ಬರುವವರ ರಜೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ತೋರಿಸಿ, ಮುಂದಿನ ಚಿಕಿತ್ಸೆಯನ್ನು ಜಿಲ್ಲಾಸ್ಪತ್ರೆಗೆ ಬರೆಸಿಕೊಂಡು ಬರುವುದು ಜಾಣತನ.

ಎಎ ಎಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಸೇರುವ ಕೂಟ. ಅದರ ಸಭೆಗೆ ದುಡ್ಡಿಲ್ಲ, ಕುಡಿತ ಬಿಡುವ ಆಸೆಯಷ್ಟೇ ಸಾಕು. ಸಂಜೆ ಏಳರ ಹೊತ್ತಿಗೆ ಕಾಲು ತಾನಾಗಿ ಬಾರ್ ಕಡೆ ತಿರುಗುವವರಿಗೆ ಇದರಷ್ಟು ಆಸರೆ ಬೇರೆ ಕಾಣೆವು. ಆದರೆ ಅಲ್ಲಿ ವೈದ್ಯರಿರುವುದಿಲ್ಲ. ನಡುಕ ಇಳಿದ ಮೇಲೆ ಹೋಗಿ, ಮಾತ್ರೆ ಬಿಡಬೇಡಿ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಎಂಟು ದಿನ ಉಳಿದುಕೊಳ್ಳುವಂಥದ್ದು, ಆದ್ದರಿಂದ ಈ ಸಾಲಿಗೆ ಪೂರ್ತಿ ಸೇರದು. ಆದರೂ ಮುಗಿಸಿ ಬಂದವರನ್ನು ಊರಲ್ಲೇ ಸೇರಿಸುವ ನವಜೀವನ ಸಮಿತಿಗಳಿಂದಾಗಿ ಅದಕ್ಕೆ ತೂಕವಿದೆ.

ಕೊನೆಗೆ, ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪುಡಿ. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ (ಮದ್ಯ ಮೈಗೆ ಒಗ್ಗದಂತೆ ಮಾಡುವ ಔಷಧಿ) ಇದ್ದರೆ, ತಿಳಿಯದೆ ಕುಡಿದವರ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಅದೇ ಮಾತ್ರೆ ವೈದ್ಯರ ಕೈಯಿಂದ, ಒಪ್ಪಿಗೆಯ ಮೇಲೆ, ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದು ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಿಲ್ಲಿಸಿದ ಮೇಲೂ ಎರಡು ವಾರ ಅದರ ಪ್ರಭಾವ ಇರಬಹುದು. ಆ ಅವಧಿಯಲ್ಲಿ ದ್ರಾಕ್ಷಾಸವ, ದಶಮೂಲಾರಿಷ್ಟವೂ ಬೇಡ. ಅವುಗಳಲ್ಲೂ ಆಲ್ಕೋಹಾಲ್ ಇದೆ.

ಹತ್ತಿರದಲ್ಲಿ ಏನಿದೆ ಎಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ, ತಾಲ್ಲೂಕಿನ ಹೆಸರು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದು, ಕನ್ನಡದಲ್ಲೇ ಮಾತಾಡಬಹುದು.