ಮೂರು ಗೋಥಿಕ್ ಬಾಗಿಲು, ಒಂದು ಕತ್ತು ನೋವು

ಪ್ಯಾರಿಸ್‌ನಲ್ಲಿ ಉಳಿದುಕೊಂಡು ಒಂದೊಂದು ದಿನ ಒಂದೊಂದು ಊರಿಗೆ ರೈಲಿನಲ್ಲಿ ಹೋಗಿ ಬಂದೆ: ಶಾರ್ಟ್ರ್, ರೀಮ್ಸ್, ಅಮಿಯೆನ್. ಮೂರೂ ಕಡೆ ನೋಡಬೇಕಿದ್ದದ್ದು ಗೋಥಿಕ್ ಅನ್ನುವ, ಚೂಪು ಕಮಾನುಗಳ ಮಧ್ಯಯುಗದ ಶೈಲಿಯ ಕ್ಯಾಥೆಡ್ರಲ್‌ನ (ದೊಡ್ಡ ಚರ್ಚಿನ) ಪಡುವಣ ಬಾಗಿಲುಗಳನ್ನು. ಒಳಗಿನ ಬಣ್ಣದ ಗಾಜನ್ನು ಹೊಗಳೋಕೆ ಜನ ಬೇಕಾದಷ್ಟಿದ್ದಾರೆ.

ಶಾರ್ಟ್ರ್‌ನದು ಹಳೆಯದು, ಸುಮಾರು 1145ರದ್ದು. 1194ರ ಬೆಂಕಿಯಲ್ಲಿ ಹಿಂದಿನ ಕಟ್ಟಡದ ಬಹುಪಾಲು ಹೋಯಿತು, ಈ ಬಾಗಿಲು ಉಳಿಯಿತು. ಬಾಗಿಲ ಅಕ್ಕಪಕ್ಕದ ರಾಜರಾಣಿಯರ ಪ್ರತಿಮೆಗಳು ಕಂಬದಂತೆ ಉದ್ದ, ಸಣಕಲು. 24ರಲ್ಲಿ ಈಗ 19 ಇವೆ. ತಮಾಷೆಯೆಲ್ಲ ಮೇಲಿನ ಕಮಾನುಗಳಲ್ಲಿದೆ. ಬಲಬಾಗಿಲ ಮೇಲೆ ವ್ಯಾಕರಣವನ್ನೇ ಒಬ್ಬ ಹೆಂಗಸಾಗಿ ಕೆತ್ತಿದ್ದಾರೆ: ಈ ಮೇಡಂ ಕೈಯಲ್ಲಿ ಬೆತ್ತ, ಕಾಲ ಬಳಿ ಇಬ್ಬರು ಹುಡುಗರು! ಹನ್ನೆರಡು ತಿಂಗಳ ಕೆಲಸಗಳು ಮತ್ತು ರಾಶಿಗಳು ಎಡಬಾಗಿಲಲ್ಲಿವೆ. ಜಾಗ ಸಾಲದೆ ಮೀನ, ಮಿಥುನ ಎರಡು ರಾಶಿಗಳು ಬಲಬಾಗಿಲಿಗೆ ಹೋಗಿವೆ. ಇಷ್ಟು ಹುಡುಕುವಷ್ಟರಲ್ಲಿ ನನ್ನ ಕತ್ತು ಹಿಡಿದುಕೊಂಡಿತು.

ರೀಮ್ಸ್‌ಗೆ ಬೆಳಿಗ್ಗೆ ಹೋಗಿ ತಪ್ಪು ಮಾಡಿದೆ. ಪಶ್ಚಿಮದ ಬಾಗಿಲು ಅಲ್ವಾ, ಪೂರ್ತಿ ನೆರಳು. ಮಧ್ಯಾಹ್ನದವರೆಗೆ ಕಾದೆ. ಬೇರೆ ಕ್ಯಾಥೆಡ್ರಲ್‌ಗಳಲ್ಲಿ ಬಾಗಿಲ ಮೇಲೆ, ಕಮಾನಿನ ಕೆಳಗೆ ಕೆತ್ತನೆಯ ಕಲ್ಲಿರುತ್ತದೆ, ರೀಮ್ಸ್‌ನಲ್ಲಿ ಆ ಜಾಗದಲ್ಲಿ ಗಾಜಿನ ಕಿಟಕಿ. ಹೀಗಾಗಿ ಯೇಸುವಿನ ತಾಯಿ ಮರಿಯಳ ಕಿರೀಟಧಾರಣೆಯ ಕೆತ್ತನೆ ಇನ್ನೂ ಮೇಲೆ, ಚೂಪು ತ್ರಿಕೋನಕ್ಕೆ ಹತ್ತಿ ಕೂತಿದೆ. ಒಳಗಿನವರಿಗೆ ಬೆಳಕು ಸಿಕ್ಕಿತು, ಹೊರಗೆ ನಿಂತವರಿಗೆ ಕತ್ತು ನೋವು. ಆದರೆ ಎಡಬಾಗಿಲಿನ ನಗುವ ದೇವದೂತನ ಮುಂದೆ ಸಿಟ್ಟು ಇಳಿಯಿತು. 1914ರ ಶೆಲ್ ದಾಳಿಯಲ್ಲಿ ಅವನ ತಲೆ ಮುರಿದು ಬಿದ್ದಿತ್ತು, ಯುದ್ಧ ಮುಗಿದ ಮೇಲೆ ಮತ್ತೆ ಕೂಡಿಸಿದರು.

ಅಮಿಯೆನ್‌ಗೆ ಮಧ್ಯಾಹ್ನವೇ ಹೋದೆ. 1220ರಲ್ಲಿ ಶುರುವಾದ ಕಟ್ಟಡ. ನಡುಬಾಗಿಲನ್ನು ಎರಡಾಗಿ ಸೀಳುವ ಕಂಬದ ಮೇಲೆ ಕ್ರಿಸ್ತ, ಕಾಲಡಿ ಸಿಂಹ, ಡ್ರ್ಯಾಗನ್. ನಾನು ಬಗ್ಗಿ ನಿಂತದ್ದು ಮಾತ್ರ ಎಡಬಾಗಿಲಿನ ಬುಡದಲ್ಲಿ. ಅಲ್ಲಿ ನಾಲ್ಕೆಸಳಿನ ಹೂವಿನಂಥ ಚೌಕಟ್ಟುಗಳಲ್ಲಿ ಅದೇ ಹನ್ನೆರಡು ತಿಂಗಳು! ಫೆಬ್ರವರಿಯಲ್ಲಿ ಒಬ್ಬ ಬೆಂಕಿಗೆ ಕಾಲು ಕಾಯಿಸುತ್ತಾನೆ, ಆಗಸ್ಟ್‌ನಲ್ಲಿ ತೆನೆ ಬಡಿಯುತ್ತಾರೆ, ಡಿಸೆಂಬರ್‌ನಲ್ಲಿ ಹಂದಿ ಕೊಯ್ಯುತ್ತಾರೆ. ಚಿಕ್ಕ ಮಕ್ಕಳೂ ಹತ್ತಿರ ಹೋಗಿ ನೋಡಬಹುದು. ಶಾರ್ಟ್ರ್‌ನಲ್ಲಿ ಕತ್ತೆತ್ತಿ ಹುಡುಕಿದ್ದನ್ನು ಇಲ್ಲಿ ಕೆಳಗಿಳಿಸಿ ಇಟ್ಟಿದ್ದಾರೆ.

ಕೆತ್ತನೆಯ ಗಾಂಭೀರ್ಯಕ್ಕೆ ಶಾರ್ಟ್ರ್, ಒಂದು ಮುಖಕ್ಕಾಗಿ ರೀಮ್ಸ್. ಆದರೆ ಒಂದೇ ದಿನ ಇದೆ ಅಂದರೆ ನಾನು ಅಮಿಯೆನ್‌ಗೇ ಟಿಕೆಟ್ ತೆಗೆಯುತ್ತೇನೆ. ಶಾರ್ಟ್ರ್‌ಗೆ ಹೋಗುವವರು ಸಣ್ಣ ದುರ್ಬೀನು ಒಯ್ಯಿರಿ.