ಗೋಡೆ ಕ್ಯಾಲೆಂಡರ್, ಡೈರಿ, ಪ್ರಿಂಟ್ ಹಾಳೆ: ಒಂದು ವರ್ಷ ಎಲ್ಲವನ್ನೂ ಬಳಸಿ ನೋಡಿದೆ

ಯುಗಾದಿಗೆ ಅರ್ಧ ಚೌಕ ಸಿಕ್ಕಿತ್ತು. 2025ರ ಮಾರ್ಚ್ 30, ಭಾನುವಾರ. ಇಂಟರ್‌ನೆಟ್‌ನಿಂದ ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಹಾಕಿಸಿದ್ದ ತಿಂಗಳ ಹಾಳೆಯಲ್ಲಿ ಐದೇ ಸಾಲು. ಆ ಮಾರ್ಚ್ ಶನಿವಾರ ಶುರುವಾಗಿದ್ದರಿಂದ ಆರು ಸಾಲು ಬೇಕಿತ್ತು. ಹಾಗಾಗಿ 23 ಮತ್ತು 30ನ್ನು ಒಂದೇ ಚೌಕಕ್ಕೆ ತುರುಕಿ ನಡುವೆ ಓರೆ ಗೆರೆ ಎಳೆದಿದ್ದರು. ಹೊಸ ವರ್ಷಕ್ಕೇ ಜಾಗ ಇಲ್ಲದ ಪ್ಲಾನರ್! ಹೋಳಿಗೆ ಸಾಮಾನು, ಬೇವಿನ ಸೊಪ್ಪು, ನಾದಿನಿ ಬರುವ ಬಸ್ಸಿನ ಟೈಮು, ಎಲ್ಲವನ್ನೂ ಹೆಬ್ಬೆರಳಿನ ಉಗುರಷ್ಟು ಜಾಗದಲ್ಲಿ ಬರೆದೆ. ಆಮೇಲೆ ನನಗೇ ಓದಲು ಆಗಲಿಲ್ಲ.

ಪ್ರತಿ ಜನವರಿಗೂ ಏನಾದರೊಂದು ಹೊಸದು ಶುರು ಮಾಡಿ ಫೆಬ್ರವರಿಗೆ ಕೈಬಿಡುವವಳು ನಾನು. ತಪ್ಪು ನನ್ನದೋ ಪುಸ್ತಕದ್ದೋ ನೋಡೇಬಿಡೋಣ ಅಂತ ಈ ವರ್ಷ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡೆ. ಅಡುಗೆಮನೆ ಗೋಡೆಗೆ ಮಾಮೂಲಿ ಕ್ಯಾಲೆಂಡರ್. ಮೇಜಿನ ಮೇಲೆ ಯಾರೋ ಕೊಟ್ಟ ಡೈರಿ. ಜೊತೆಗೆ ಪ್ರಿಂಟ್ ಹಾಕಿದ ತಿಂಗಳ ಹಾಳೆಗಳು ಮತ್ತು ದಿನಚರಿ ಹಾಳೆಗಳು.

ಡೈರಿ ಮೊದಲು ಸೋತಿತು. ಜನವರಿ 17ರವರೆಗೆ ಬರೆದಿದ್ದೇನೆ. ಆಮೇಲೆ ಮಗನಿಗೆ ಜ್ವರ ಬಂತು, ಐದು ದಿನ ಖಾಲಿ. ತಾರೀಕು ಹಾಕಿದ ಖಾಲಿ ಪುಟ ಇದೆಯಲ್ಲ, ಅದು ಸಾಲ ಕೊಟ್ಟವನ ಹಾಗೆ ದಿಟ್ಟಿಸಿ ನೋಡುತ್ತದೆ. ಮುಂದಿನ ಪುಟ ತೆರೆಯಲು ಮನಸ್ಸೇ ಬರಲಿಲ್ಲ. ಸಾಲದ್ದಕ್ಕೆ ಮನೆಯಲ್ಲಿ ಕೆಲಸ ಜಾಸ್ತಿ ಇರುವುದೇ ಶನಿವಾರ, ಭಾನುವಾರ. ಡೈರಿಯಲ್ಲಿ ಆ ಎರಡಕ್ಕೂ ಸೇರಿ ಒಂದೇ ಪುಟ! ಈಗ ಅದರಲ್ಲಿ ಮಗ ಕ್ರಿಕೆಟ್ ಸ್ಕೋರು ಬರೆಯುತ್ತಾನೆ.

ಗೋಡೆ ಕ್ಯಾಲೆಂಡರ್‌ಗೆ ಪೈಪೋಟಿಯೇ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮತ್ತೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ರೇ ಆಗಬೇಕು. ಆ ಪ್ರೆಸ್ ಶುರುವಾಗಿದ್ದು 1916ರಲ್ಲಿ. ಅದರ ದಪ್ಪ ಅಂಕಿಗಳು ಒಲೆ ಮುಂದೆ ನಿಂತರೂ ಕಾಣುತ್ತವೆ, ಕನ್ನಡಕ ಹುಡುಕಬೇಕಿಲ್ಲ. ಮೊಳೆಗೆ ದಾರ ಕಟ್ಟಿ ಪೆನ್ನು ನೇತುಹಾಕಿದ್ದಾರೆ. ಹಾಲು ಬರದ ದಿನಕ್ಕೆ ಇಂಟು, ಅರ್ಧ ಲೀಟರ್ ಜಾಸ್ತಿ ತಗೊಂಡರೆ ಒಂದು ಗೀಟು, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ 'ಗ್ಯಾ'. ಇಷ್ಟೇ ಅವರ ವ್ಯವಸ್ಥೆ. ವರ್ಷಪೂರ್ತಿ ಒಂದು ದಿನವೂ ತಪ್ಪಿಲ್ಲ. ನಾನು ಪ್ರಿಂಟ್ ಹಾಳೆ ಅಂಟಿಸಿದ ದಿನ ಬಂದು ನೋಡಿ, "ಏನಮ್ಮಾ, ಇದರಲ್ಲಿ ರಾಹುಕಾಲನೇ ಇಲ್ವಲ್ಲ?" ಅಂದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಅಂತ ಅವರಿಗೆ ಬಾಯಿಪಾಠ ಇದೆ. ಆದರೂ ಕಣ್ಣೆದುರು ಇರಬೇಕು.

ಅದರ ಕೊರತೆ ಒಂದೇ. ತಿಥಿ, ನಕ್ಷತ್ರ, ಹಬ್ಬ ಎಲ್ಲ ತುಂಬಿಕೊಂಡ ಮೇಲೆ ಒಂದೊಂದು ದಿನಕ್ಕೆ ಮೂರು ಪದ ಬರೆಯುವಷ್ಟು ಜಾಗವೂ ಉಳಿಯುವುದಿಲ್ಲ. ಸ್ಕೂಲ್ ಫೀಸ್, ದಂತವೈದ್ಯರ ಅಪಾಯಿಂಟ್‌ಮೆಂಟ್, ಆಫೀಸಿನ ಗಡುವು ಅಲ್ಲಿ ಹಿಡಿಸುವುದಿಲ್ಲ. ಪ್ರಿಂಟ್ ಹಾಳೆ ಬೇಕಾಗುವುದು ಇಲ್ಲೇ.

ಅದರಲ್ಲಿ ನಾನು ತಿಂದ ಪೆಟ್ಟುಗಳು ಒಂದೆರಡಲ್ಲ. ಪುಕ್ಕಟೆ ಸಿಗುವ ಪಿಡಿಎಫ್‌ಗಳಲ್ಲಿ ಸುಮಾರು ಅಮೆರಿಕದವು. ಅಲ್ಲಿನ ಕಾಗದ 'ಲೆಟರ್' ಅಳತೆಯದು, 216 ಮಿಲಿಮೀಟರ್ ಅಗಲ, 279 ಉದ್ದ. ನಮ್ಮ ಎ4 ಹಾಳೆ 210 ಅಗಲ, 297 ಉದ್ದ. ಅಂಗಡಿಯವರು ಇದ್ದ ಅಳತೆಯಲ್ಲೇ ಒತ್ತಿಬಿಟ್ಟರೆ ಬಲಗಡೆ ಶನಿವಾರದ ಅಂಚಿನ ಗೆರೆ ಮಾಯ, ಕೆಳಗಡೆ ಸುಮ್ನೆ ಖಾಲಿ ಜಾಗ. ಪ್ರಿಂಟ್ ಕೊಡುವಾಗ 'ಫಿಟ್' ಆಯ್ಕೆ ಒತ್ತಿಸಿದರೆ ಸಾಕು. ಇದು ಗೊತ್ತಾಗುವಷ್ಟರಲ್ಲಿ ಹನ್ನೆರಡು ಹಾಳೆ ದಂಡವಾಗಿತ್ತು. ರಜಾ ದಿನಗಳೂ ಅಲ್ಲಿನವೇ. ನವೆಂಬರ್ 27ಕ್ಕೆ ಥ್ಯಾಂಕ್ಸ್‌ಗಿವಿಂಗ್ ಅಂತ ಚಂದದ ಅಕ್ಷರದಲ್ಲಿ ಇತ್ತು. ನವೆಂಬರ್ 1 ಬೋಳು ಬೋಳು.

ಇನ್ನೊಂದು, ಹೂವು ಬಳ್ಳಿ ಹಿನ್ನೆಲೆ ಇರುವ ಹಾಳೆಗೆ ಮರುಳಾಗಬೇಡಿ. ನಾನು ಹೋಗುವ ಅಂಗಡಿಯಲ್ಲಿ ಕಪ್ಪು-ಬಿಳುಪಿಗೆ 3 ರೂಪಾಯಿ, ಕಲರ್‌ಗೆ 10. ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಹಾಕಿದರೆ ಇಂಕು ಕುಡಿಯುತ್ತದೆ. ಮೇಲೆ ಹೈಲೈಟರ್ ಎಳೆದರೆ ಅಂಕಿಗಳೆಲ್ಲ ಕಲೆಸಿಹೋಗುತ್ತವೆ. ಲೇಸರ್ ಪ್ರಿಂಟ್‌ಗೆ ಈ ಕಾಟ ಇಲ್ಲ. ಕಾಗದ 100 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ) ಕೇಳಿ. ಮಾಮೂಲಿ 75ರ ಹಾಳೆಯಲ್ಲಿ ಜೆಲ್ ಪೆನ್ನು ಹಿಂದಕ್ಕೆ ಇಣುಕುತ್ತದೆ.

ಏಪ್ರಿಲ್‌ನಲ್ಲಿ ಬೇಸತ್ತು ನಾನೇ ಒಂದು ಹಾಳೆ ಮಾಡಿಕೊಂಡೆ. ಎಕ್ಸೆಲ್‌ನಲ್ಲಿ ಏಳು ಕಾಲಂ, ಆರು ಸಾಲು. 42 ಚೌಕ. ಯಾವ ತಿಂಗಳು ಯಾವ ವಾರ ಶುರುವಾದರೂ ಇದರೊಳಗೆ ಹಿಡಿಸಲೇಬೇಕು. ತಾರೀಕು ಹಾಕಲಿಲ್ಲ, ಕೈಯಲ್ಲೇ ಬರೆಯುವುದು. ಹಬ್ಬಗಳನ್ನು ಅತ್ತೆಯ ಕ್ಯಾಲೆಂಡರ್ ನೋಡಿ ತುಂಬಿದೆ. ಅಕ್ಟೋಬರ್ 2ಕ್ಕೆ ಗಾಂಧಿ ಜಯಂತಿ, ವಿಜಯದಶಮಿ ಎರಡೂ ಒಂದೇ ದಿನ ಬಂದು ಒಂದು ರಜೆ ಖೋತಾ ಆಗಿದ್ದು ಆಗಲೇ ತಿಳಿದಿದ್ದು. ಎಡಗಡೆ ಎರಡು ಸೆಂಟಿಮೀಟರ್ ಬಿಟ್ಟಿದ್ದರಿಂದ ಪಂಚ್ ಮಾಡಿ ಫೈಲಿಗೆ ಹಾಕಲು ಸಲೀಸಾಯಿತು. ಜೂನ್‌ನಲ್ಲಿ ಕಾಫಿ ಚೆಲ್ಲಿ ಹಾಳೆ ಹಾಳಾಯಿತು. ಇನ್ನೊಂದು ಪ್ರಿಂಟ್ ತೆಗೆದೆ, ಮುಗಿಯಿತು. ಡೈರಿಗೆ ಈ ಸವಲತ್ತು ಎಲ್ಲಿದೆ? ಆಗಸ್ಟ್‌ನಲ್ಲಿ ಎರಡು ವಾರ ಏನೂ ಬರೆಯಲಿಲ್ಲ. ಆದರೂ ಸೆಪ್ಟೆಂಬರ್ ಹಾಳೆ ಹೊಸದಾಗಿಯೇ ಇತ್ತು, ನನ್ನನ್ನು ಬೈಯಲಿಲ್ಲ.

ದಿನಚರಿ ಹಾಳೆಗಳ ಕಥೆ ಬೇರೆ. ಅವುಗಳಲ್ಲಿ ಪ್ರಶ್ನೆಗಳಿರುತ್ತವೆ. ಇವತ್ತು ಯಾವ ಮೂರು ವಿಷಯಕ್ಕೆ ಕೃತಜ್ಞತೆ ಹೇಳುತ್ತೀರಿ, ಎಷ್ಟು ಲೋಟ ನೀರು ಕುಡಿದಿರಿ, ಹೀಗೆ. ಮೊದಲ ವಾರ ಉದ್ದುದ್ದ ಬರೆದೆ. ಮೂರನೇ ವಾರದ ಒಂದು ಹಾಳೆಯಲ್ಲಿ "ಕಾಫಿ, ಕಾಫಿ, ಕರೆಂಟ್ ಹೋಗಲಿಲ್ಲ" ಅಂತಿದೆ. ಮೇಲಾಗಿ ಆ ಗೆರೆಗಳು ಇಂಗ್ಲಿಷಿಗೆ ಎಳೆದವು. ಆರು ಮಿಲಿಮೀಟರ್ ಅಂತರದಲ್ಲಿ ಕನ್ನಡ ಬರೆದು ನೋಡಿ. 'ಇಷ್ಟ' ಅನ್ನುವುದರ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆಗೆ ಹೋಗಿ ಕುಟ್ಟುತ್ತದೆ.

ಅದನ್ನು ಬಿಟ್ಟು ಮಗನ ಹಳೇ 200 ಪುಟದ ನೋಟ್‌ಬುಕ್ ತಗೊಂಡೆ. ಅಮೆರಿಕದ ಡಿಸೈನರ್ ರೈಡರ್ ಕ್ಯಾರಲ್ 2013ರಲ್ಲಿ ಹೇಳಿಕೊಟ್ಟ ಬುಲೆಟ್ ಜರ್ನಲ್ ಪದ್ಧತಿ ಇದೆಯಲ್ಲ, ಅದರಲ್ಲಿ ಮೂರೇ ಗುರುತು ಉಳಿಸಿಕೊಂಡೆ. ಮಾಡಬೇಕಾದ್ದಕ್ಕೆ ಚುಕ್ಕೆ, ಮುಗಿದರೆ ಅದರ ಮೇಲೇ ಇಂಟು, ಮುಂದಕ್ಕೆ ಹೋದರೆ ಬಾಣ. ಬಣ್ಣದ ಪೆನ್ನು, ಸ್ಟಿಕ್ಕರ್ ಏನೂ ಇಲ್ಲ. ಒಂದು ಕೆಲಸಕ್ಕೆ ನಾಲ್ಕು ಸಲ ಬಾಣ ಬಿದ್ದರೆ ಅದನ್ನು ನಾನು ಮಾಡುವುದಿಲ್ಲ ಅಂತ ಒಪ್ಪಿಕೊಂಡು ಹೊಡೆದುಹಾಕುತ್ತೇನೆ. ಹೊಲಿಗೆ ಮೆಷಿನ್ ರಿಪೇರಿ ಹೀಗೇ ಸತ್ತಿತು. ಬರೆಯುವ ಅಭ್ಯಾಸ ಇಲ್ಲದವರಿಗೆ ಪ್ರಶ್ನೆ ಇರುವ ಹಾಳೆಯೇ ಸುಲಭ ಇರಬಹುದು. ನನಗೆ ಒಗ್ಗಲಿಲ್ಲ, ಅಷ್ಟೇ.

2026ಕ್ಕೆ ಡೈರಿ ಬೇಡ ಅಂತ ಮೊದಲೇ ಹೇಳಿದ್ದೇನೆ. ನೋಟ್‌ಬುಕ್ ಮುಂದುವರಿಯುತ್ತದೆ. ತಿಂಗಳ ಹಾಳೆ ಹನ್ನೆರಡನ್ನೂ ಪ್ರಿಂಟ್ ತೆಗೆಸಿ ಆಯಿತು, ಒಟ್ಟು 36 ರೂಪಾಯಿ. ಈ ಸಲದ ಫೆಬ್ರವರಿ ಭಾನುವಾರ ಶುರುವಾಗಿ ಶನಿವಾರಕ್ಕೆ ಮುಗಿದು, ನಾಲ್ಕೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಯುಗಾದಿ ಮಾರ್ಚ್ 19, ಗುರುವಾರ. ಪೂರ್ತಿ ಚೌಕ ಇದೆ. ಅಧಿಕ ಜ್ಯೇಷ್ಠ ಬಂದಿರುವುದರಿಂದ ಗಣೇಶನ ಹಬ್ಬ ಸೆಪ್ಟೆಂಬರ್ 14ಕ್ಕೆ ಹೋಗಿದೆ. ಊರಿಗೆ ಟಿಕೆಟ್ ಬುಕ್ ಮಾಡುವವರು ಹಳೇ ಲೆಕ್ಕದಲ್ಲಿ ಆಗಸ್ಟ್ ಅಂದುಕೊಳ್ಳಬೇಡಿ.

ನಿನ್ನೆ ಅತ್ತೆ ಬಂದು, "ಹಾಲಿನ ಲೆಕ್ಕಕ್ಕೆ ನಿನ್ನ ಹಾಳೆ ಒಂದು ಕೊಡಮ್ಮಾ, ಕ್ಯಾಲೆಂಡರಲ್ಲಿ ಜಾಗ ಸಾಲ್ತಿಲ್ಲ" ಅಂದರು. ಜನವರಿಯದು ಕೊಟ್ಟೆ. ಸಂಜೆ ನೋಡಿದರೆ 3ಕ್ಕೆ ಹುಣ್ಣಿಮೆ, 18ಕ್ಕೆ ಅಮಾವಾಸ್ಯೆ ಕೆಂಪು ಪೆನ್ನಿನಲ್ಲಿ ಬಂದಿತ್ತು. ತಲೆಯ ಮೇಲೆ ಏಳು ವಾರದ ರಾಹುಕಾಲವೂ ಸಾಲಾಗಿ ಇತ್ತು.