ಬೇರಿಗೆ ಜೊತೆಯಾದ ಜೀವಾಣುಗಳು: ನಾಲ್ಕು ಹಂಗಾಮು ಬಳಸಿದ ಮೇಲೆ

ಬೇರಿನೊಳಗೆ ಹೊಕ್ಕು ಬದುಕುವ ಮೈಕೋರೈಜಾ ಶಿಲೀಂಧ್ರದ ಬೀಜಕಗಳನ್ನೂ ಬೇರಿನ ಸುತ್ತ ಬದುಕುವ ಬ್ಯಾಸಿಲಸ್ ಬ್ಯಾಕ್ಟೀರಿಯಾವನ್ನೂ ಬೆರೆಸಿ ತಯಾರಿಸಿದ ಪುಡಿರೂಪದ ಜೀವಾಣು ಗೊಬ್ಬರವೊಂದನ್ನು ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ನಾಲ್ಕು ಹಂಗಾಮುಗಳಿಂದ ಬಳಸುತ್ತಿದ್ದೇನೆ. ಇಂತಹ ಉತ್ಪನ್ನವನ್ನು ಒಂದೇ ಹಂಗಾಮಿನಲ್ಲಿ ಅಳೆಯಲಾಗದು. ಮಳೆ ಚೆನ್ನಾಗಿ ಬಂದ ವರ್ಷ ಯಾವ ಪುಡಿ ಹಾಕಿದರೂ ಗೆದ್ದಂತೆ ಕಾಣುತ್ತದೆ, ಮಳೆ ಪೂರ್ತಿ ಕೈಕೊಟ್ಟ ವರ್ಷ ಯಾವುದು ಹಾಕಿದರೂ ಸೋತಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಸಲವೂ ಹೊಲದ ನಡುವೆ ಆರು ಸಾಲುಗಳನ್ನು ಪುಡಿ ಸೋಕಿಸದೆ ಬಿಟ್ಟಿದ್ದೆ. ಇಲ್ಲಿ ಬರೆದಿರುವುದೆಲ್ಲ ಆ ಆರು ಸಾಲುಗಳ ಪಕ್ಕದಲ್ಲಿಟ್ಟು ನೋಡಿದ್ದು.

ಮೊದಲ ಹಂಗಾಮಿನಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ, ಅದಕ್ಕೆ ನನ್ನ ಬಳಕೆಯ ಕ್ರಮವೇ ಕಾರಣವಾಗಿತ್ತು. ಕೊಂಡು ತಂದ ಬೀಜಕ್ಕೆ ಮೊದಲೇ ಶಿಲೀಂಧ್ರನಾಶಕ ಲೇಪಿಸಿತ್ತು. ಅದರ ಮೇಲೆಯೇ ಅಂಟುದ್ರಾವಣದಲ್ಲಿ ಕಲಸಿದ ಪುಡಿಯನ್ನು ಹಚ್ಚಿ, ಒಣಗಲೆಂದು ಬಿಸಿಲಿಗೆ ಹರಡಿದ್ದೆ. ರೋಗದ ಶಿಲೀಂಧ್ರವನ್ನು ಕೊಲ್ಲುವ ಹಲವು ಔಷಧಿಗಳು ನಾವು ಬಯಸಿ ಹಚ್ಚುವ ಶಿಲೀಂಧ್ರವನ್ನೂ ಉಳಿಸುವುದಿಲ್ಲ. ಎರಡನೆಯ ಹಂಗಾಮಿನಿಂದ ಲೇಪನವಿಲ್ಲದ ಬೀಜವನ್ನು ನೆರಳಿನಲ್ಲಿ ಉಪಚರಿಸಿ, ಆರಲು ಬಿಟ್ಟು, ಅಂದೇ ಬಿತ್ತಿದೆ. ಉಳಿದ ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಬೀಜದ ಸಾಲಿನಲ್ಲೇ ಬೀಳುವಂತೆ ಹಾಕಿದೆ. ಈ ಶಿಲೀಂಧ್ರವು ಜೀವಂತ ಬೇರಿನ ಒಳಹೊಕ್ಕರೆ ಮಾತ್ರ ಬದುಕನ್ನು ಪೂರ್ಣಗೊಳಿಸಬಲ್ಲದು. ಬೇರು ತಲುಪದ ಕಡೆ ಎರಚಿದ ಬೀಜಕದಿಂದ ಪ್ರಯೋಜನವಿಲ್ಲ.

ಆ ಎರಡನೆಯ ಹಂಗಾಮಿನಲ್ಲಿ ಬೆಳೆ ಮೊಣಕಾಲೆತ್ತರವಿದ್ದಾಗ ಹನ್ನೆರಡು ದಿನ ಮಳೆ ಬರಲಿಲ್ಲ. ಪುಡಿಯಿಲ್ಲದ ಆರು ಸಾಲುಗಳಲ್ಲಿ ಐದನೆಯ ದಿನವೇ ಮಧ್ಯಾಹ್ನದ ಹೊತ್ತಿಗೆ ಎಲೆಗಳು ಸುರುಳಿ ಸುತ್ತಿಕೊಂಡವು, ಪುಡಿ ಹಾಕಿದ ಸಾಲುಗಳಲ್ಲಿ ಅದು ಕಂಡದ್ದು ಎಂಟನೆಯ ದಿನ. ಎರಡೂ ಕಡೆಯಿಂದ ಒಂದೊಂದು ಗಿಡವನ್ನು ಸಲಿಕೆಯಿಂದ ಮಣ್ಣುಸಹಿತ ಎತ್ತಿ ಮೆಲ್ಲಗೆ ಕೊಡವಿದೆ. ಪುಡಿಯಿಲ್ಲದ ಗಿಡದ ಬೇರುಗಳು ಬೆಳ್ಳಗೆ ಬರಿದಾಗಿ ಹೊರಬಂದವು. ಪುಡಿ ಹಾಕಿದ ಗಿಡದ ಬೇರುಗಳಿಗೆ ಮಾತ್ರ ಮಣ್ಣು ತೋಳಿಗೆ ತೊಡಿಸಿದ ಅಂಗಿಯಂತೆ ಅಂಟಿಕೊಂಡಿತ್ತು, ಬೆರಳಿನಲ್ಲಿ ಉಜ್ಜಿದರೆ ತಣ್ಣಗಿತ್ತು. ಬ್ಯಾಕ್ಟೀರಿಯಾಗಳು ಸ್ರವಿಸುವ ಸಕ್ಕರೆಯ ಸರಪಳಿಗಳಿಂದಾದ ಲೋಳೆಯು ಮಣ್ಣಿನ ಕಣಗಳನ್ನು ಹೀಗೆ ಹಿಡಿದಿಟ್ಟು, ಬೇರಿಗೂ ಮಣ್ಣಿಗೂ ನಡುವೆ ತೇವದ ಕೊಂಡಿ ಬೇಗ ಕಡಿಯದಂತೆ ಮಾಡುತ್ತದೆ ಎಂದು ಓದಿದ್ದೆ, ಅದು ಕೈಗೆ ತಾಗಿದ್ದು ಅಂದೇ.

ಇದರ ಜೊತೆಗೆ ಇನ್ನೆರಡು ಕೆಲಸಗಳು ಕಣ್ಣಿಗೆ ಕಾಣದಂತೆ ನಡೆಯುತ್ತವೆ. ನೀರಿನ ಕೊರತೆಯಾದಾಗ ಗಿಡವು ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನನ್ನು ಹೆಚ್ಚಾಗಿ ತಯಾರಿಸುತ್ತದೆ, ಅದು ಮಿತಿಮೀರಿದರೆ ನೀರನ್ನು ಹುಡುಕಿ ಇಳಿಯಬೇಕಾದ ಬೇರಿನ ಬೆಳವಣಿಗೆಯೇ ಕುಗ್ಗುತ್ತದೆ. ಬೇರಿನ ಬಳಿಯ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಎಸಿಸಿ ಡಿಅಮಿನೇಸ್ ಎಂಬ ಕಿಣ್ವವಿದ್ದು, ಗಿಡದಲ್ಲಿ ಮುಂದೆ ಎಥಿಲೀನ್ ಆಗಬೇಕಿದ್ದ ಎಸಿಸಿ ಎಂಬ ರಾಸಾಯನಿಕವನ್ನು ಅವು ಮೊದಲೇ ಒಡೆದು ತಮಗೆ ಸಾರಜನಕವಾಗಿ ಬಳಸಿಕೊಳ್ಳುತ್ತವೆ. ಎಲ್ಲ ತಳಿಗಳಲ್ಲೂ ಈ ಕಿಣ್ವ ಇರುವುದಿಲ್ಲವಾದ್ದರಿಂದ ಪೊಟ್ಟಣದ ಮೇಲೆ ಬರೀ ಬ್ಯಾಸಿಲಸ್ ಎಂದು ಬರೆದರೆ ಸಾಲದು, ಯಾವ ತಳಿ ಎಂಬುದೂ ಬೇಕು. ಇನ್ನು ಶಿಲೀಂಧ್ರದ ಎಳೆಗಳು ಬೇರುಕೂದಲಿಗಿಂತಲೂ ಸಣ್ಣವು; ಬೇರು ನುಗ್ಗಲಾಗದ ಮಣ್ಣಿನ ಸಂದುಗಳನ್ನು ಹೊಕ್ಕು ಅಲ್ಲಿನ ನೀರು ಮತ್ತು ರಂಜಕವನ್ನು ಗಿಡಕ್ಕೆ ತಲುಪಿಸುತ್ತವೆ, ಪ್ರತಿಯಾಗಿ ಗಿಡ ತಯಾರಿಸಿದ ಸಕ್ಕರೆಯಲ್ಲಿ ಪಾಲು ಪಡೆಯುತ್ತವೆ.

ಈ ಕೊಡು-ಕೊಳ್ಳುವಿಕೆಯಿಂದಾಗಿಯೇ ರಂಜಕದ ಗೊಬ್ಬರವನ್ನು ಧಾರಾಳವಾಗಿ ಸುರಿದ ಹೊಲದಲ್ಲಿ ಮೈಕೋರೈಜಾ ನೆಲೆಗೊಳ್ಳುವುದು ಕಷ್ಟ: ಗಿಡಕ್ಕೆ ರಂಜಕ ಸುಲಭವಾಗಿ ಸಿಗುವಾಗ ಅದು ಶಿಲೀಂಧ್ರವನ್ನು ಸಾಕುವುದಿಲ್ಲ. ಮಣ್ಣು ಪರೀಕ್ಷೆಯ ವರದಿ ನೋಡಿದ ಮೇಲೆ ನಾನು ಆ ಗೊಬ್ಬರವನ್ನು ಕಡಿಮೆ ಮಾಡಿದೆ, ಎಳೆಗಳ ಜಾಲ ಹರಿಯದಿರಲೆಂದು ಉಳುಮೆಯನ್ನೂ ಇಳಿಸಿದೆ. ಹಿಂದಿನ ಬೆಳೆಯಾಗಿ ಸಾಸಿವೆ ಇದ್ದ ತುಂಡಿನಲ್ಲಿ ಫಲಿತಾಂಶ ಸಪ್ಪೆಯಾಗಿತ್ತು. ಸಾಸಿವೆ, ಎಲೆಕೋಸಿನ ಕುಟುಂಬದ ಬೆಳೆಗಳು ಈ ಶಿಲೀಂಧ್ರಕ್ಕೆ ಆಶ್ರಯ ಕೊಡುವುದಿಲ್ಲ. ಅಂತಹ ಬೆಳೆಗೇ ಇದನ್ನು ಕೊಳ್ಳುವವರಿದ್ದರೆ ದಯವಿಟ್ಟು ಹಣ ಉಳಿಸಿಕೊಳ್ಳಿ.

ಮೂರನೆಯ ಹಂಗಾಮನ್ನು ಮುಚ್ಚಿಡಲಾರೆ. ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂಗೊಂಚಲು, ಬಿಡುವ ಹೊತ್ತಿಗೆ ಐದು ವಾರ ಮಳೆ ಬರದೆ, ಪುಡಿ ಹಾಕಿದ ಸಾಲು, ಹಾಕದ ಸಾಲು ಎರಡೂ ಒಣಗಿದವು. ಮಣ್ಣಿನಲ್ಲಿ ನೀರೇ ಇಲ್ಲದಿದ್ದಾಗ ಅದನ್ನು ತಂದುಕೊಡುವ ಜೀವಿಯಿಲ್ಲ. ಈ ಪುಡಿ ಕೊಡುವುದು ಕೆಲವು ದಿನಗಳ ಬಿಡುವನ್ನು. ಆ ದಿನಗಳೊಳಗೆ ಮಳೆ ಬಂದರೆ ಅದರ ಬೆಲೆ ದೊಡ್ಡದು, ಬಾರದಿದ್ದರೆ ಇಲ್ಲ. ನಾಲ್ಕನೆಯ ಹಂಗಾಮಿನಲ್ಲಿ ಅದೇ ಹಂತದಲ್ಲಿ ಒಣಹವೆ ಕಡಿಮೆ ದಿನವಿತ್ತು. ಪುಡಿ ಹಾಕಿದ ಕಡೆ ಸೂಲಂಗಿಯ ಬೆನ್ನಿಗೇ ತೆನೆಯ ಕೂದಲು ಹೊರಬಂದು ಕಾಳು ತುಂಬಿತು, ಆರು ಸಾಲುಗಳಲ್ಲಿ ಕೂದಲು ತಡವಾಗಿ ಅರೆಬರೆ ತೆನೆಗಳಾದವು.

ಪೊಟ್ಟಣದ ಬಗ್ಗೆ ನನಗೆ ದೂರುಗಳಿವೆ. ಜೀವಂತ ಕೋಶಗಳ ಸಂಖ್ಯೆಯನ್ನು ತಯಾರಿಸಿದ ದಿನಕ್ಕೆ ಮಾತ್ರ ನಮೂದಿಸಿದ್ದಾರೆ, ಅವಧಿ ಮುಗಿಯುವ ದಿನ ಎಷ್ಟು ಉಳಿದಿರುತ್ತವೆ ಎಂದು ಹೇಳಿಲ್ಲ. ಒಂದು ಪೊಟ್ಟಣದಲ್ಲಿ ದಿನಾಂಕವೇ ಅಳಿಸಿಹೋಗಿತ್ತು, ಅದನ್ನು ಹಿಂತಿರುಗಿಸಬೇಕಾಯಿತು.

ಇನ್ನೊಂದು ಸಂಗತಿಯನ್ನು ಇನ್ನೂ ಬಿಡಿಸಿಕೊಳ್ಳಬೇಕಿದೆ. ಕಳೆದ ಹಂಗಾಮಿನ ಕೊನೆಗೆ ಎರಡೂ ಕಡೆಯ ಎಳೆಬೇರುಗಳನ್ನು ಕ್ಷಾರದಲ್ಲಿ ಬೇಯಿಸಿ, ವಿನೆಗರಿನಲ್ಲಿ ಬೆರೆಸಿದ ಶಾಯಿಯಿಂದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೋಶಗಳೊಳಗೆ ನೀಲಿಯ ಪುಟ್ಟ ಮರಗಳಂತೆ ಕವಲೊಡೆದ ಶಿಲೀಂಧ್ರವು ಪುಡಿ ಹಾಕದ ಆರು ಸಾಲುಗಳಲ್ಲೂ, ಕಡಿಮೆಯಾಗಿಯಾದರೂ, ಕಂಡಿತು. ಅದು ಪಕ್ಕದ ಸಾಲುಗಳಿಂದ ಹರಡಿದ್ದೋ, ಉಳುಮೆ ಕಡಿಮೆಯಾದ ಮೇಲೆ ಮಣ್ಣಿನಲ್ಲಿ ಮೊದಲೇ ಇದ್ದದ್ದು ಚೇತರಿಸಿಕೊಂಡಿತೋ ಎಂಬುದನ್ನು ಶಾಯಿ ಬೇರ್ಪಡಿಸಿ ತೋರಿಸದು. ಎರಡನೆಯದೇ ನಿಜವಾದರೆ ಪ್ರತಿ ಹಂಗಾಮಿಗೂ ಶಿಲೀಂಧ್ರವನ್ನು ಕೊಳ್ಳುವ ಅಗತ್ಯವಿಲ್ಲ. ಹಾಗಾಗಿ ಈ ಸಲ ಬ್ಯಾಕ್ಟೀರಿಯಾ ಮಾತ್ರವಿರುವ ಪೊಟ್ಟಣ ತಂದಿದ್ದೇನೆ, ಹೋಲಿಕೆಯ ಆರು ಸಾಲುಗಳನ್ನು ಹೊಲದ ಆಚೆ ಅಂಚಿಗೆ ಬದಲಿಸಿದ್ದೇನೆ.